ಹದಿನಾಲ್ಕನೇ ಖಾತೆ

ರಾತ್ರಿ ಎರಡೂ ಕಾಲು. ಕೆಳಗೆ ಭಟ್ಟಿಯಲ್ಲಿ ಖಾಸಿಂಬಿ
ಮರಳು ಕಾಯಿಸುತ್ತಿದ್ದಾಳೆ.
ಮೇಲೆ ನಾನು; ಹದಿನಾಲ್ಕು ಖಾತೆ, ನಾಲ್ಕು ಸೀಮೆ:
ಮುಂಬೈ, ಸಿಂಗಪುರ, ಓಹಾಯೋ, ಫ್ರಾಂಕ್‌ಫರ್ಟ್.
ದಾವಣಗೆರೆ ಆ ಪಟ್ಟಿಯಲ್ಲಿಲ್ಲ.
ಎಲ್ಲಕ್ಕೂ ಒಂದೇ ಟೆಂಪ್ಲೇಟು, ಓಣಿಯ ಮಕ್ಕಳಿಗೆಲ್ಲ
ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ.

ಮುಂಬೈ ಹಸಿರು. ಸಿಂಗಪುರ ಹಸಿರು.
ಓಹಾಯೋ ತಡವಾಗಿ, ಗೊಣಗುತ್ತ, ಹಸಿರು.
ಫ್ರಾಂಕ್‌ಫರ್ಟಿನ ಹದಿನಾಲ್ಕನೇ ಖಾತೆ ಮಾತ್ರ
ಕೆಂಪಾಗಿ ಕೂತಿತು.
ಯಾರೋ ಎಂದೋ ಕೈಯಾರೆ ತೆರೆದ ಬಾಗಿಲೊಂದು
ಲೆಕ್ಕದಲ್ಲಿ ಇರಲಿಲ್ಲ.
ಯಾರೋ ಏನು, ನಾನೇ.
ಯುಗಾದಿಯ ಹಿಂದಿನ ರಾತ್ರಿ,
ನಾಳೆ ಬರೆದಿಟ್ಟರಾಯಿತು ಅಂದುಕೊಂಡು.

ಕರೆಂಟು ಹೋಯಿತು.
ಯುಪಿಎಸ್ಸು ಕೀಚಲು ದನಿಯಲ್ಲಿ ಹನ್ನೆರಡು ನಿಮಿಷ ಅಂತು.

ಇಳಿದುಹೋದೆ. ಭಟ್ಟಿಗೆ ಕರೆಂಟಿನ ಹಂಗಿಲ್ಲ.
"ಏನಾತವ್ವಾ?"
"ಒಂದು ಕೆಟ್ಟಿತು, ಎಲ್ಲಾ ಹಿಂದಕ್ಕೆ ತಗೋಬೇಕು."
ಜರಡಿ ನಿಲ್ಲಿಸದೆ ನಕ್ಕಳು:
"ಹಿಂದಕ್ಕೆ ಹೋಗ್ತತೇನು ನಿಂದು? ಪುಣ್ಯವಂತೆ.
ನಂದು ಒಮ್ಮೆ ಅರಳಿತು ಅಂದ್ರ ಮತ್ತೆ ಅಕ್ಕಿ ಆಗಂಗಿಲ್ಲ."
ಸೀದುಹೋದ ಒಂದು ಹಿಡಿಯನ್ನು ಪಕ್ಕಕ್ಕೆ ಗುಡಿಸಿದಳು,
ಉಳಿದ ರಾಶಿಯನ್ನು ಮುಟ್ಟಲಿಲ್ಲ.
ನನ್ನ ಕೈಗೂ ಒಂದು ಬೊಗಸೆ ಸುರಿದಳು, ಬಿಸಿ.

ಮೇಲೆ ಬಂದು ಹದಿಮೂರನ್ನು ಹಾಗೇ ಬಿಟ್ಟೆ.
ಹದಿನಾಲ್ಕರ ಆ ಬಾಗಿಲನ್ನು ಬರೆದೆ:
ಇಂಥ ದಿನ, ಇಂಥವಳು ತೆರೆದದ್ದು.
ಮೂರು ನಿಮಿಷ ಉಳಿದಿತ್ತು.

ಪಿ.ಬಿ. ರಸ್ತೆಯ ಕಡೆ ಮಂಡಕ್ಕಿ ಮೂಟೆ ಹೊತ್ತ ಟಂಟಂ ಹೊರಟಾಗ
ಪರದೆಯ ತುಂಬ ಹಸಿರು.
ಬೆರಳಲ್ಲಿ ಮಸಿ,
ಎಂಟರ್ ಕೀಲಿಯ ಮೇಲೂ.