ನಿನ್ನೆ ಏನುಂಡಿರಿ

ಭರ್ತಿಯಾದ ಫಾರಂ ಒಂದಕ್ಕೆ
ನೂರಾ ಎಂಬತ್ತು ರೂಪಾಯಿ ನನಗೆ.
ಅರ್ಧ ತುಂಬಿದರೆ ಏನೂ ಇಲ್ಲ.
ಹೆಂಗಸರಿಗೆ ಪುಕ್ಕಟೆಯ ಸರ್ಕಾರಿ ಬಸ್ಸು
ಈ ದಾರಿಗೆ ಬರುವುದಿಲ್ಲ;
ಖಾಸಗಿ ಬಸ್ಸಿನ ಕಂಡಕ್ಟರು ನನ್ನ ಚೀಲ ಎತ್ತಿ ನೋಡಿ
'ಇದಕ್ಕೊಂದು ಹಾಫ್ ಟಿಕೆಟ್' ಅಂತ ನಕ್ಕ.

ಚೀಲದಲ್ಲಿ ಸೆಲ್ಲು ಹಾಕುವ ತಕ್ಕಡಿ,
ಮೂರು ಅಳತೆಯ ಬಟ್ಟಲು, ಎರಡು ಸೌಟು,
ಅನ್ನದ ಗುಡ್ಡೆಗಳ ಬಣ್ಣದ ಚಿತ್ರಪುಸ್ತಕ
(ಸಣ್ಣದು, ಮಧ್ಯಮ, ದೊಡ್ಡದು),
ತರಬೇತಿಯಲ್ಲಿ ಕೊಟ್ಟ ಟೋಪಿ.
ಹೊಸನಗರದಲ್ಲಿ ಇಳಿದು ಫಿಲಿಪ್ಪನ ಆಟೋ, ಮುನ್ನೂರು.
ಬಿಲ್ಲಿಲ್ಲ. ಬಿಲ್ಲಿಲ್ಲದ್ದಕ್ಕೆ ಆಫೀಸು ಕೊಡುವುದು ನೂರೈವತ್ತು.

ಕೆರೆ ಏರಿಯಾಚೆ ಹಸಲರ ಕೇರಿ, ಏಳು ಮನೆ.
ಕಂಪ್ಯೂಟರು ಆರಿಸಿದ್ದು ಐದನೆಯದು, ಗುತ್ಯಮ್ಮನದು.
ಬೀಗ ಹಾಕಿದ್ದರೂ ಪಕ್ಕದ ಮನೆಗೆ ಹೋಗುವಂತಿಲ್ಲ.
ಶುಂಠಿ ಕೀಳಲು ಹೊರಟವಳು ನಿಂತಳು.
'ಎಷ್ಟೊತ್ತು?'
'ಒಂದು ಗಂಟೆ.'
ಕೆಲಸದ ಜೀಪು ಒಂದು ಗಂಟೆ ಕಾಯುವುದಿಲ್ಲ.
ಹೋಗಿ ಅಂತ ಕೈ ಬೀಸಿದಳು;
ಅವಳ ನಾನೂರು ರೂಪಾಯಿ ತಿರುವಿನಲ್ಲಿ ಮರೆಯಾಯಿತು.
ನಾನು ಒಪ್ಪಿಗೆ ಪತ್ರ ಓದಿದೆ:
'ಭಾಗವಹಿಸುವುದರಿಂದ ನಿಮಗೆ ಯಾವುದೇ ನಷ್ಟವಿಲ್ಲ.'
ಹೆಬ್ಬೆಟ್ಟು ಒತ್ತಿದಳು.

ನಿನ್ನೆ ಎದ್ದಾಗಿನಿಂದ ಮಲಗುವವರೆಗೆ
ಏನುಂಡಿರಿ, ಏನು ಕುಡಿದಿರಿ?
'ಉಂಡಿದ್ದು ಉಂಡೆ. ನೆನಪಿಟ್ಕಳಕೆ ಅದೇನು ಮದುವೆ ಊಟನಾ?'
ಆಮೇಲೆ ಒಂದೊಂದೇ ಬಂತು.
ಕಪ್ಪು ಚಾ, ಬೆಲ್ಲ ಹಾಕಿದ್ದು.
ಮಧ್ಯಾಹ್ನ ಹೊಲದಲ್ಲಿ ಬುತ್ತಿ ಅನ್ನ, ಚಗಳಿ ಚಟ್ನಿ.
ರಾತ್ರಿ ರೇಷನ್ ಅಕ್ಕಿ ಗಂಜಿ, ಸುಟ್ಟ ಒಣಮೀನು.
ಮೀನು ಎಷ್ಟು?
ಕಿರುಬೆರಳು ನೀಡಿ, ಎರಡನೇ ಗೆಣ್ಣಿಗೆ ಹೆಬ್ಬೆರಳಿಟ್ಟಳು.
ಆ ಬೆರಳನ್ನು ಗ್ರಾಮಿಗೆ ಇಳಿಸಲು
ಹನ್ನೊಂದು ಪುಟ ತಿರುವಿದೆ.

ಚಗಳಿ ಪಟ್ಟಿಯಲ್ಲಿರಲಿಲ್ಲ.
ಕ್ವಿನೋವಾ ಇತ್ತು. ಚೀಸ್ ಮೂರು ಬಗೆ.
ದಿಬ್ಬ ಹತ್ತಿ, ಸಿಗ್ನಲ್ ಸಿಕ್ಕಲ್ಲಿ ನಿಂತು, ನಜೀರ್ ಸಾರ್‌ಗೆ ಫೋನು.
'ಕೆಂಪಿರುವೆ ಸಾರ್. ಹುರಿದು, ಮೆಣಸು ಉಪ್ಪು ಹಾಕಿ ಅರೆದದ್ದು.'
'ಲ್ಯಾಬಿಗೆ ಕಳಿಸಿದರೆ ಸ್ಯಾಂಪಲ್ಲಿಗೆ ಹನ್ನೆರಡು ಸಾವಿರ ಕಣಮ್ಮ.
ಇತರೆ ಅಂತ ಹಾಕು. ತೊಂಬತ್ತೊಂಬತ್ತು.'
ಮರ ಹತ್ತಿ, ಗೂಡು ಕಿತ್ತು,
ಕಂಕುಳವರೆಗೆ ಕಚ್ಚಿಸಿಕೊಂಡು ಅವಳ ಗಂಡ ಇಳಿಸಿದ್ದು
ತೊಂಬತ್ತೊಂಬತ್ತಾಯಿತು.

ತಿರುಗಿ ಬಂದರೆ ಒಲೆ ಉರಿಯುತ್ತಿತ್ತು.
ಬೇಡ ಅಂದೆ. ಸರ್ವೆ ಮನೆಯಲ್ಲಿ ತಿನ್ನಬಾರದು,
ತರಬೇತಿಯ ಮೊದಲ ದಿನವೇ ಹೇಳಿದ್ದಾರೆ.
'ಊಟದ ವಿಷ್ಯ ಕೇಳಕೆ ಬಂದೋರು ಉಣ್ಣದೆ ಹೋಗದಾ?'
ಗಂಜಿ, ಕೆಸುವಿನ ಸೊಪ್ಪು,
ನಾಟಿಕೋಳಿಯ ಮೊಟ್ಟೆ ಒಂದು.
ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟಿದ್ದೆ.
ಉಂಡೆ. ಎರಡನೇ ಸಲ ಬಡಿಸಿಕೊಂಡೆ.

ಹತ್ತು ಮನೆಗೆ ಒಂದರಂತೆ ಎರಡನೇ ಭೇಟಿ.
ಆ ಒಂದೂ ಗುತ್ಯಮ್ಮನದೇ.
ವಾರ ಬಿಟ್ಟು ಹೋಗಬೇಕೆಂದು ಪುಸ್ತಕದಲ್ಲಿದೆ.
'ಮತ್ತೆ ಕಳಿಸಕ್ಕೆ ದುಡ್ಡೆಲ್ಲಿದೆ, ನಾಳೆಯೇ ಮುಗಿಸು'
ಅಂದರು ನಜೀರ್ ಸಾರ್.
ರಾತ್ರಿ ಲಾಡ್ಜು, ನಾನೂರೈವತ್ತು, ತಿಗಣೆ.

ನಿನ್ನೆ ಏನುಂಡಿರಿ?
'ಚಾ.'
ಮಧ್ಯಾಹ್ನ?
'ನೀವು ಬಂದಿದ್ರಲ್ಲ.'
ಹೌದು, ಊಟ?
ಅವಳು ಮೂಗುಬೊಟ್ಟು ತಿರುಗಿಸುತ್ತ ಕೂತಳು.
ರಾತ್ರಿ?
'ಮಕ್ಕಳು ಉಂಡ್ವು. ನಾನೊಂದು ಲೋಟ ತಿಳಿ ಕುಡ್ದೆ.
ಸೊಸೈಟಿ ಅಕ್ಕಿ ಸೋಮವಾರ ಬತ್ತದೆ ಮೇಡಂ, ಅದನ್ನೂ ಬರ್ಕಳಿ.'

ಊಟ ಬಿಟ್ಟ ಕಾರಣ ಕೇಳಿತು ಟ್ಯಾಬು.
ಹಸಿವಿರಲಿಲ್ಲ, ಒಂದು.
ಕಾಯಿಲೆ, ಎರಡು.
ವ್ರತ, ಮೂರು.
ಆಮೇಲೆ ಸೀದಾ ತೊಂಬತ್ತೊಂಬತ್ತಕ್ಕೆ ಹಾರುತ್ತದೆ.
ವಿವರ ಬರೆಯಿರಿ ಅಂತ ಖಾಲಿ ಚೌಕ,
ಮಿನುಗುವ ಗೆರೆ.
ನನ್ನ ಹೆಸರಿನ ಮೊದಲ ಅಕ್ಷರ ಒತ್ತಿ, ಅಳಿಸಿದೆ.
ಅವತ್ತು ನೀರೂ ಮುಟ್ಟದೆ ಹೊರಟೆ.
ಗುತ್ಯಮ್ಮನಿಗೆ ಸಿಟ್ಟು ಬಂತು.

ಶನಿವಾರ ಶಿವಮೊಗ್ಗದ ಆಫೀಸು. ಖರ್ಚಿನ ವೋಚರು.
ಬಸ್ಸು, ಆಟೋ, ಲಾಡ್ಜು, ತಕ್ಕಡಿಯ ಸೆಲ್ಲು.
ಆಟೋಗೆ ಬಿಲ್ಲೆಲ್ಲಿ ಅಂತ ಮತ್ತೆ ತಕರಾರು.
ಊಟದ ಭತ್ಯೆ ದಿನಕ್ಕೆ ನೂರಿಪ್ಪತ್ತು, ಎರಡು ದಿನ.
ಪೆನ್ನು ಹಿಡಿದು ಕೂತೇ ಇದ್ದೆ.
ಅಕೌಂಟ್ಸಿನವರು ತಲೆಯೆತ್ತದೆ ಹೇಳಿದರು,
'ಸಹಿ ಮಾಡಮ್ಮ. ಊಟಕ್ಕೆ ಬಿಲ್ ಬೇಡ.'