ಯಾವ ನೆಲಕ್ಕೆ?

ಟ್ರಾಮ್ ಡಿಪೋದಲ್ಲಿ ಇಪ್ಪತ್ತಾರು ವರ್ಷ
ಉಕ್ಕಿನ ಗಾಲಿ ತಿರುಗಿಸಿ, ತಟ್ಟಿ, ಸದ್ದು ಕೇಳಿದವನು ನಾನು.
ಗಾಲಿಯೆಂದರೆ ನನಗೆ ಹೇಳಿಕೊಡಬೇಕೆ?
ಅಂಗೈಯಲ್ಲಿ ಹಿಡಿಸುವ ನಾಲ್ಕು ರಬ್ಬರು ಬಳೆ
ಮೂರು ವಾರ ನನ್ನನ್ನು ಸುತ್ತಿಸಿದವು.

ಕಾರು ತೂವಾಳದು. ಅವಳಿಗೆ ಹನ್ನೊಂದು.
ಸೋದರಮಾವ ಹೋಕನ್ ಅಟ್ಟದಿಂದ ಇಳಿಸಿ
ಧೂಳು ಸಮೇತ ಕೈಗಿಟ್ಟದ್ದು.
ಮೋಟಾರು ಗುಂಯ್‌ಗುಟ್ಟಿತು, ಸ್ಟೀರಿಂಗ್ ಅತ್ತಿತ್ತ ಹೊರಳಿತು,
ಟೈರು ಮಾತ್ರ ಹೆಬ್ಬೆರಳು ಒತ್ತಿದ್ದೇ ತಡ
ಖಡಕ್ ರೊಟ್ಟಿಯ ಹಾಗೆ ಮುರಿದು
ಅಡುಗೆಮನೆಯ ಮೇಜಿನ ತುಂಬ ಕಪ್ಪು ಚೂರು.

ಮೊದಲ ಪೊಟ್ಟಣ ಅಂಚೆಯಲ್ಲಿ ಬಂತು:
ಮೈತುಂಬ ಮುಳ್ಳು, ನೋಡಲು ಚೆಂದ.
ನಡುವಿನ ಆರುಮೂಲೆ ತೂತು ಹದಿನೇಳು ಮಿಲಿಮೀಟರು,
ನಮ್ಮ ಅಚ್ಚಿನದು ಹನ್ನೆರಡು.
ಎಮ್ಮೆಯ ಗಂಟೆ ಬೆಕ್ಕಿಗೆ ಕಟ್ಟಿದಂತೆ
ಗಡಗಡ ಅಲ್ಲಾಡಿತು.
ಎರಡನೆಯದು ಹನ್ನೆರಡೇ. ಆದರೆ ನಾಲ್ಕೂ ಹಿಂಗಾಲಿನವು;
ಮುಂದೆ ಹಾಕಿದರೆ ತಿರುವಿನಲ್ಲಿ ತೋಳಿಗೆ ಉಜ್ಜಿ ಕಿರುಚಿತು.
ಮೂರನೆಯ ಸಲ ಕ್ಯಾಲಿಪರ್ ಹಿಡಿದು
ಒಳಸುತ್ತು, ಹೊರಸುತ್ತು, ಅಗಲ ಎಲ್ಲ ಬರೆದುಕೊಂಡು ತರಿಸಿದೆ.
ಕೂತಿತು, ಬೆರಳಿಗೆ ಉಂಗುರ ಕೂತ ಹಾಗೆ.
ಗುರುವಾರ ಸಂಜೆ ಮೊದಲ ತಿರುವಿಗೇ ಪಲ್ಟಿ.
ಎರಡನೆಯ ತಿರುವಿಗೆ ಇನ್ನೊಮ್ಮೆ.
ಉಳಿದ ಎಂಟು ಕಾರು ಓಡುತ್ತಿದ್ದವು, ನಮ್ಮದು
ಮಗುಚಿದ ಜೀರುಂಡೆ,
ಗಾಳಿಯಲ್ಲಿ ನಾಲ್ಕು ಕಾಲು ತಿರುಗಿಸುತ್ತಾ.

ನಾರ್ಶೊಪಿಂಗಿನ ಹಳೇ ಉಣ್ಣೆ ಗಿರಣಿ,
ಮೂರನೇ ಮಹಡಿ. ಮಗ್ಗಗಳು ಎದ್ದುಹೋದ ಜಾಗಕ್ಕೆ
ಬೂದು ಜಮಖಾನ ಹಾಸಿ
ಚಳಿಗಾಲವಿಡೀ ರೇಸು.
ಕೆಳಗೆ ಹೊಳೆ, ಹಿಮದ ನಡುವೆಯೂ ಬೊಬ್ಬೆ ಹೊಡೆಯುತ್ತದೆ.
ಮೆಟ್ಟಿಲ ಪಕ್ಕ ಎಪ್ಪತ್ತೆಂಟರ ಮಾಯ್‌ವೋರ್
ಬಿಸ್ಕತ್ತಿನ ಡಬ್ಬಿಗಳಲ್ಲಿ ಟೈರು ತುಂಬಿಕೊಂಡು ಕೂರುತ್ತಾಳೆ.
ಹದಿನಾರಕ್ಕೆ ಇದೇ ಮಹಡಿಗೆ ಕೆಲಸಕ್ಕೆ ಬಂದವಳು:
ನೇಯ್ದ ಬಟ್ಟೆಯ ಮೇಲೆ ಬೆರಳಾಡಿಸಿ
ಕಣ್ಣಿಗೆ ಕಾಣದ ಗಂಟು ಹುಡುಕಿ ಕೀಳುವ ಕೆಲಸ.

ನಾನು ಶುರುಮಾಡಿದೆ: ಮಾಡೆಲು, ಇಸವಿ, ಮೋಟಾರಿನ ಸುತ್ತು,
ಹನ್ನೆರಡು ಮಿಲಿಮೀಟರು...
ಅವಳು ಕೈ ಎತ್ತಿದಳು.
"ಯಾವ ನೆಲಕ್ಕೆ?"

ಇಷ್ಟು ದಿನ ಯಾರೂ ಕೇಳಿರಲಿಲ್ಲ.
ನನ್ನ ಚೀಟಿಯಲ್ಲೂ ಅದಕ್ಕೊಂದು ಸಾಲಿರಲಿಲ್ಲ.
ಹಳಿಯ ಮೇಲೆ ಓಡುವ ಗಾಲಿಗೆ ನೆಲ ಒಂದೇ,
ಇಪ್ಪತ್ತಾರು ವರ್ಷ ಅದೇ ಅಗಲ, ಅದೇ ಉಕ್ಕು;
ಕೇಳುವ ಪ್ರಮೇಯವೇ ಬಂದಿರಲಿಲ್ಲ.

ತೂವಾಳ ಬೂಟು ಬಿಚ್ಚಿಸಿದಳು, ಕಾಲುಚೀಲ ಕಳಚಿಸಿದಳು.
"ನಡಿ. ನೂಲು ಎತ್ತ ಮಲಗಿದೆ?"
ಹುಡುಗಿ ಬರಿಗಾಲಲ್ಲಿ ಹೋಗಿ, ಬಂದು,
ಕಣ್ಣು ಮುಚ್ಚಿ ಮತ್ತೆ ಹೋಗಿ,
"ಕಿಟಕಿ ಕಡೆಗೆ" ಅಂದಳು.
ಮುದುಕಿ ಹೂಂಗುಟ್ಟಿ ಡಬ್ಬಿಯೊಳಗೆ ಕೈ ಹಾಕಿದಳು.
ಒಂದೊಂದಕ್ಕೂ ಉಗುರು ಒತ್ತಿ, ಗುರುತು ಮಾಯುವವರೆಗೆ ಕಾದು,
ಮುಂದಕ್ಕೆ ಗೆರೆಯದು, ಹಿಂದಕ್ಕೆ ಎಳ್ಳಿನಷ್ಟು ಮೊಳೆಯದು.
ಇನ್ನೂರ ನಲವತ್ತು ಕ್ರೋನ. ಚಿಲ್ಲರೆ ಇಲ್ಲ ಅಂದಳು.

ರಾತ್ರಿ ಆಲೂಗೆಡ್ಡೆಯ ಪಾತ್ರೆಯಲ್ಲಿ ರಿಮ್ಮು ಕುದಿಸಿ
ಹಳೇ ಅಂಟು ಬಿಡಿಸಿದೆವು. ಗುನಿಲ್ಲಾ ಮೂಗು ಮುಚ್ಚಿ
ಹೊಸ ಪಾತ್ರೆಯ ಬೆಲೆ ಹೇಳಿದಳು.
ಒಳಗೆ ಸ್ಪಂಜು, ಅಂಚಿಗೆ ಅಂಟು, ಮೇಲೊಂದು ರಬ್ಬರ್ ಬ್ಯಾಂಡು;
ನನ್ನ ಎರಡು ಬೆರಳೂ ಒಂದಾದವು.

ಏಳನೇ ಜಾಗ. ಒಂಬತ್ತರಲ್ಲಿ.
ಒಮ್ಮೆಯೂ ಮಗುಚಲಿಲ್ಲ.
ನಿಜ ಹೇಳಬೇಕೆಂದರೆ ನಾನು ಕಾರು ನೋಡಲೇ ಇಲ್ಲ,
ಜಮಖಾನ ನೋಡುತ್ತಿದ್ದೆ: ಗಾಲಿ ಹೋದ ಮೇಲೆ
ಒರಗಿದ ನೂಲು ನಿಧಾನಕ್ಕೆ ಏಳುವುದನ್ನು.

ಶಭಾಷ್ ಅನ್ನೋಣವೆಂದರೆ ತೂವಾ
ಹಿಂದಿನ ಎಡಗಾಲಿಯ ಅಂಟು ಬಿಟ್ಟಿದೆ ಅಂದಳು. ಆಮೇಲೆ,
"ಬೇಸಿಗೆಗೆ ಹೊರಗಿನ ಟ್ರ್ಯಾಕು, ಅಪ್ಪ. ಅದು ಮಣ್ಣು.
ಆ ಮೂರನೇ ಪೊಟ್ಟಣ ಎಸೆದುಬಿಟ್ಟೆಯಾ?"

ನೆಲಮಾಳಿಗೆಯ ದೀಪ ಹಾಕಿ
ಹುಡುಕುತ್ತಿದ್ದೇನೆ.