ಕೇಳಿದವರಿಗೆ

ಕೇಳಿದವರಿಗೆ ಕೊಲೆಸ್ಟರಾಲ್ ಅನ್ನುತ್ತೇನೆ.
ವಾದ ಬೆಳೆಯುವುದಿಲ್ಲ. ಪಾಪ, ಎಂದು
ಬ್ರೆಡ್ಡಿನ ಬುಟ್ಟಿ ಇತ್ತ ಸರಿಸುತ್ತಾರೆ.

ಫ್ರೀಸ್‌ಲ್ಯಾಂಡಿನಲ್ಲಿ ಆ ಫೆಬ್ರವರಿ
ಕಾಲುವೆ ಹೆಪ್ಪುಗಟ್ಟಿತ್ತು. ಅಪ್ಪ ಹಿಲ್ಕೆಗೆ ಸೊಂಟನೋವು,
ಲಾರಿ ಹತ್ತಿಸುವ ಕೆಲಸ ನನ್ನ ಪಾಲಿಗೆ.
ಹದಿನೈದು ದಿನದ ಗಂಡುಕರು,
ಕಿವಿಗಿಂತ ದೊಡ್ಡದಾಗಿ ಕಂಡ ಹಳದಿ ಬಿಲ್ಲೆ.
ಹೆಜ್ಜೆ ಕೀಳಲೊಲ್ಲದು.
ಎರಡು ಬೆರಳು ಬಾಯಿಗಿಟ್ಟೆ,
ಅಜ್ಜ ಕಲಿಸಿದ ಉಪಾಯ.
ಚೀಪುತ್ತ ಚೀಪುತ್ತ
ಬೆನ್ನಿಗೇ ಹಲಗೆ ಹತ್ತಿತು
ಬಾಲ ಅಲ್ಲಾಡಿಸಿಕೊಂಡು.

ಬೆರಳು ಬಿಡಿಸಿಕೊಂಡು ಇಳಿದೆ.
ಡ್ರೈವರ್ ಅಗಳಿ ಹಾಕಿದ, ಗುಡ್ ಮಾರ್ನಿಂಗ್ ಅಂದ.

ಹನ್ನೊಂದು ವರ್ಷ. ಚೀಸಿನ ತಟ್ಟೆ
ಮೇಜು ಸುತ್ತಿ ನನ್ನ ಮುಂದೆ ಬಂದಾಗ
ಬಲಗೈ ತೊಡೆಯ ಕೆಳಗೆ ಅವಿತು,
ಎರಡು ಬೆರಳು ಒದ್ದೆ.

ಕೊಲೆಸ್ಟರಾಲ್, ಅನ್ನುತ್ತೇನೆ.
ಅಮ್ಮ ನನ್ನತ್ತ ನೋಡದೆ
ಬೆಣ್ಣೆಯ ಡಬ್ಬಿ ಮುಚ್ಚುತ್ತಾಳೆ.